ರಾತ್ರಿ ವಿಮಾನದಲ್ಲಿ ಉಳಿಯೋದು ಯಾರ ದಿನ?

“ನೈಟ್ ಫ್ಲೈಟ್ ಹಾಕ್ಕೋ, ಒಂದು ದಿನ ಉಳಿಯುತ್ತೆ.”

ನಮ್ಮ ಐಟಿ ಕಂಪನಿಗಳಲ್ಲಿ ಈ ಮಾತು ಕೇಳದವರು ಯಾರೂ ಇಲ್ಲ. ಮ್ಯಾನೇಜರ್ ಹೇಳ್ತಾರೆ, ಟ್ರಾವೆಲ್ ಡೆಸ್ಕಿನವರು ಹೇಳ್ತಾರೆ, ಪಕ್ಕದ ಸೀಟಿನ ಗೆಳೆಯ ಹೇಳ್ತಾನೆ. ಕೊನೆಗೆ ಅದನ್ನೇ ನಾವು ಮನೆಯವರಿಗೆ ಹೇಳಿ ಸಮಾಧಾನ ಮಾಡ್ತೀವಿ. ಎಷ್ಟು ಸಲ ಕೇಳಿದ್ದೀವಿ ಅಂದ್ರೆ, ಇದೊಂದು ಲೆಕ್ಕ ಅನ್ನೋದೇ ಮರೆತುಹೋಗಿ ಗಾದೆಯಾಗಿಬಿಟ್ಟಿದೆ. ಗಾದೆಯನ್ನ ಯಾರೂ ಪ್ರಶ್ನೆ ಮಾಡಲ್ಲ. ಲೆಕ್ಕವನ್ನಾದರೆ ಮಾಡಬಹುದು. ಒಂದು ದಿನ ಉಳೀತು ಸರಿ, ಉಳಿದ ಆ ದಿನ ಯಾರ ಜೇಬಿಗೆ ಹೋಯ್ತು?

ಮೊದಲು ರಾತ್ರಿ ವಿಮಾನದ ಪರವಾಗಿ ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. ಇಲ್ಲದಿದ್ದರೆ ಇದು ಬರೀ ಗೊಣಗಾಟ ಆಗುತ್ತೆ.

ದೂರದ ಪ್ರಯಾಣಕ್ಕೆ ರಾತ್ರಿ ಹೊರಡೋದರಲ್ಲಿ ಅರ್ಥ ಇದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹತ್ತಿರ ಹತ್ತಿರ ಹತ್ತು ಗಂಟೆ. ಹಗಲಲ್ಲಿ ಹೋದರೆ ಒಂದಿಡೀ ದಿನ ಕುರ್ಚಿಯಲ್ಲೇ ಕಳೆದುಹೋಗುತ್ತೆ. ರಾತ್ರಿಯಾದರೆ ಊಟ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ, ನಾಲ್ಕೈದು ಗಂಟೆಯಾದರೂ ಮಂಪರು ಹತ್ತಬಹುದು. ಪುಟ್ಟ ಮಕ್ಕಳಿದ್ದರಂತೂ ರಾತ್ರಿಯೇ ವಾಸಿ, ಅವು ಮಲಗಿದರೆ ಅಪ್ಪ ಅಮ್ಮನ ಜೊತೆಗೆ ಅಕ್ಕಪಕ್ಕದ ಸೀಟಿನವರೂ ಬದುಕಿಕೊಳ್ತಾರೆ. ಇನ್ನು ನಮ್ಮ ಬೆಂಗಳೂರಿನ ಟ್ರಾಫಿಕ್. ಸಂಜೆ ಆರಕ್ಕೆ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು, ಸಿಲ್ಕ್ ಬೋರ್ಡ್ ದಾಟಿ, ಹೆಬ್ಬಾಳ ದಾಟಿ ದೇವನಹಳ್ಳಿ ಮುಟ್ಟೋದು ಒಂದು ಪ್ರಯಾಣದ ಮೊದಲು ಇನ್ನೊಂದು ಪ್ರಯಾಣ. ರಾತ್ರಿ ಹನ್ನೊಂದರ ಮೇಲೆ ಅದೇ ರಸ್ತೆ ಹೂವಿನ ಹಾಗೆ. ಟಿಕೆಟ್ಟೂ ಎಷ್ಟೋ ಸಲ ಅವೇಳೆಯ ವಿಮಾನಕ್ಕೇ ಅಗ್ಗ. ಸ್ವಂತ ದುಡ್ಡು ಹಾಕಿ ಹೋಗೋ ವಿದ್ಯಾರ್ಥಿಗೆ, ರಜೆ ಎಣಿಸಿ ಎಣಿಸಿ ಊರಿಗೆ ಬರೋನಿಗೆ ಅದು ದೊಡ್ಡ ಮಾತು.

ಇಷ್ಟನ್ನೂ ಒಪ್ಪಿದೆ. ನಿಮ್ಮ ದುಡ್ಡು, ನಿಮ್ಮ ರಜೆ, ನಿಮ್ಮ ನಿದ್ದೆ ಆದರೆ ಲೆಕ್ಕ ನೀವೇ ಹಾಕ್ಕೊಳ್ಳಿ, ನನ್ನ ತಕರಾರಿಲ್ಲ. ನನ್ನ ಜಗಳ ಇರೋದು ನಿಮ್ಮ ನಿದ್ದೆಯ ಲೆಕ್ಕವನ್ನ ಬೇರೆ ಯಾರೋ ಹಾಕಿ, ಲಾಭ ತಾವಿಟ್ಟುಕೊಂಡು, ನಷ್ಟವನ್ನ ನಿಮ್ಮ ಕಣ್ಣ ಕೆಳಗಿನ ಕಪ್ಪಿಗೆ ಬರೆಯೋದರ ಮೇಲೆ.

ದೆಹಲಿಯ ಉದಾಹರಣೆ ತಗೊಳ್ಳಿ, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಬರೋದು ಫ್ರಾಂಕ್‌ಫರ್ಟ್ ಅಲ್ಲ, ಗುರುಗ್ರಾಮ. ಸಂಜೆ ಆರಕ್ಕೆ ಮೀಟಿಂಗ್ ಮುಗೀತು. ಒಂಬತ್ತಕ್ಕೆ ಏರ್‌ಪೋರ್ಟ್. ಹತ್ತೂಕಾಲಿಗೆ ಬೋರ್ಡಿಂಗ್. ಹನ್ನೊಂದೂಕಾಲಿಗೆ ವಿಮಾನ ಮೇಲೆ ಏರುತ್ತೆ. ಹನ್ನೆರಡೂಕಾಲಿನ ತನಕ ತಿಂಡಿಯ ಗಾಡಿ ಮೊಣಕೈಗೆ ತಾಗ್ತಾ ಓಡಾಡುತ್ತೆ. ಆಮೇಲೆ ದೀಪ ಆರಿಸ್ತಾರೆ. ಒಂದೂಕಾಲಿಗೆ ಮತ್ತೆ ದೀಪ, ಸೀಟು ನೇರ ಮಾಡಿ, ಬೆಲ್ಟ್ ಕಟ್ಟಿ. ಎರಡಕ್ಕೆ ಹತ್ತು ನಿಮಿಷ ಇದ್ದಾಗ ಇಳೀತು. ಬ್ಯಾಗು, ಕ್ಯಾಬಿನ ಸಾಲು, ಜೆಪಿ ನಗರದ ಮನೆ. ಹಾಸಿಗೆಗೆ ಬಿದ್ದಾಗ ನಾಲ್ಕು. ಏಳೂವರೆಗೆ ಅಲಾರಂ, ಒಂಬತ್ತೂವರೆಗೆ ಸ್ಟ್ಯಾಂಡ್-ಅಪ್.

ಕೂಡಿಸಿ ನೋಡಿ. ಗಾಳಿಯಲ್ಲಿ ಕತ್ತು ಜೋತುಹಾಕಿಕೊಂಡು ಒಂದು ಗಂಟೆ, ಮನೆಯಲ್ಲಿ ಮೂರೂವರೆ ಗಂಟೆ. ಇದನ್ನ ‘ರಾತ್ರಿ ಪ್ರಯಾಣ’ ಅನ್ನೋದೇ ತಪ್ಪು. ರಾತ್ರಿಯನ್ನ ಎರಡು ತುಂಡು ಮಾಡಿ, ಎರಡೂ ತುಂಡು ಬಿಸಾಕಿದ ಹಾಗೆ.

ಬದಲಿಗೆ ಆ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಒಂಬತ್ತರ ವಿಮಾನ ಹಿಡಿದರೆ ಏನಾಗ್ತಿತ್ತು? ಮಧ್ಯಾಹ್ನ ಎರಡಕ್ಕೆ ಮನೆಯಿಂದ ಲಾಗಿನ್. ಕಂಪನಿಗೆ ಖರ್ಚಾಗ್ತಿದ್ದದ್ದು ಒಂದು ರಾತ್ರಿಯ ಹೋಟೆಲ್ ಬಾಡಿಗೆ ಮತ್ತು ಅರ್ಧ ದಿನ. ಇವೆರಡನ್ನ ಉಳಿಸೋಕೆ ನಿಮ್ಮ ಒಂದು ರಾತ್ರಿ ಹೋಯ್ತು. ಹೋಟೆಲ್ ಬಿಲ್ಲು ಎಕ್ಸ್‌ಪೆನ್ಸ್ ಶೀಟಿನಲ್ಲಿ ಕಾಣುತ್ತೆ. ಎಕ್ಸೆಲ್‌ನಲ್ಲಿ ನಿದ್ದೆಗೆ ಕಾಲಂ ಇಲ್ಲ. ಕಾಣೋ ಖರ್ಚನ್ನ ಕಾಣದ ಖರ್ಚಾಗಿ ಬದಲಾಯಿಸೋದಕ್ಕೆ ನಮ್ಮಲ್ಲಿ ‘ಕಾಸ್ಟ್ ಆಪ್ಟಿಮೈಸೇಷನ್’ ಅಂತ ಹೆಸರು.

“ಏನಪ್ಪಾ ದೊಡ್ಡದು, ನಾವು ರಾತ್ರಿ ಬಸ್ಸಿನಲ್ಲೇ ಬೆಳೆದೋರು” ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹೌದು, ನಾವೆಲ್ಲ ರಾತ್ರಿ ಬಸ್ಸಿನ ಮಕ್ಕಳೇ. ಮೆಜೆಸ್ಟಿಕ್‌ನಲ್ಲಿ ಹತ್ತೂವರೆಗೆ ಹತ್ತಿ ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಇಳಿಯೋದು ನಮ್ಮ ನಾಡಿನ ಒಳ್ಳೆ ವ್ಯವಸ್ಥೆಗಳಲ್ಲಿ ಒಂದು. ಆದರೆ ಸ್ಲೀಪರ್ ಕೋಚ್ ಯಾಕೆ ನಡೆಯುತ್ತೆ ಅಂತ ಯೋಚಿಸಿ. ಬೆನ್ನು ಚಾಚಿ ಮಲಗಬಹುದು. ಏಳೆಂಟು ಗಂಟೆ ಯಾರೂ ಎಬ್ಬಿಸಲ್ಲ. ಮಲಗೋ ಹೊತ್ತಿಗೆ ಹತ್ತಿ, ಏಳೋ ಹೊತ್ತಿಗೆ ಇಳೀತೀವಿ. ವಿಮಾನದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಅಷ್ಟೇ ಅಲ್ಲ. ಹಾರೋ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಂದ್ರೆ ಮುಳ್ಳಯ್ಯನಗಿರಿಯ ನೆತ್ತಿ ಮೇಲೆ ಒಂದು ಕುರ್ಚಿ ಹಾಕ್ಕೊಂಡು, ಎರಡೂ ಕಡೆ ಒಬ್ಬೊಬ್ಬರನ್ನ ಕೂರಿಸ್ಕೊಂಡು ಮಲಗಿದ ಹಾಗೆ. ಅಲ್ಲಾದರೂ ಮಂಜು ಇರುತ್ತೆ, ಇಲ್ಲಿ ಗಾಳಿಯ ತೇವಾಂಶ ಶೇ. 20ಕ್ಕಿಂತ ಕಡಿಮೆ. ಬಾಯಿ ಒಣಗಿ, ಮೂಗು ಉರಿದು, ತಲೆ ಭಾರವಾಗಿ ಇಳಿಯೋದು ನಿಮ್ಮ ದೇಹ ವೀಕಾಗಿದೆ ಅಂತಲ್ಲ. ಯಾರ ದೇಹವಾದರೂ ಹಾಗೇ ಇಳಿಯುತ್ತೆ.

ಈಗ ಆ ಮೂರೂವರೆ ಗಂಟೆ ನಿದ್ದೆಯವನು ಏನೇನು ಮಾಡ್ತಾನೆ ನೋಡೋಣ.

2000ದಲ್ಲಿ ಆಸ್ಟ್ರೇಲಿಯಾದ ವಿಲಿಯಮ್ಸನ್ ಮತ್ತು ಫೆಯರ್ ಅನ್ನೋ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ನಿದ್ದೆ ಇಲ್ಲದೆ 17ರಿಂದ 19 ಗಂಟೆ ಎಚ್ಚರ ಇದ್ದವರ ಚುರುಕುತನವನ್ನ ಪರೀಕ್ಷೆ ಮಾಡಿದಾಗ, ಕೆಲವು ಪರೀಕ್ಷೆಗಳಲ್ಲಿ ಅದು ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರೋರ ಮಟ್ಟಕ್ಕೆ, ಅಥವಾ ಅದಕ್ಕಿಂತಲೂ ಕೆಳಗೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಗಾಡಿ ಓಡಿಸೋರಿಗೆ ಇಟ್ಟಿರೋ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದ್ರೆ ಶೇ. 0.03. ಬೆಳಿಗ್ಗೆ ಏಳಕ್ಕೆ ಎದ್ದವನು ರಾತ್ರಿ ಎರಡಕ್ಕೆ ಇಳಿದಾಗ ಅವನು ಎಚ್ಚರ ಇದ್ದು 19 ಗಂಟೆ ಆಗಿರುತ್ತೆ. ಅವನು ಏರ್‌ಪೋರ್ಟ್ ಪಾರ್ಕಿಂಗ್‌ನಿಂದ ತನ್ನದೇ ಕಾರು ತೆಗೆದು ಬಳ್ಳಾರಿ ರಸ್ತೆಗೆ ಬಿಡ್ತಾನೆ. ಒಂದು ಬಿಯರ್ ಕುಡಿದಿದ್ದರೆ ಪೊಲೀಸರು ಹೆಬ್ಬಾಳದಲ್ಲಿ ಹಿಡಿದು ಊದಿಸ್ತಿದ್ರು. ಇವನಿಗೆ ಊದಿಸೋ ಯಂತ್ರ ಇನ್ನೂ ಬಂದಿಲ್ಲ.

ರಸ್ತೆ ಬಿಡಿ, ಆಫೀಸಿಗೇ ಬನ್ನಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಹೀಗೇ ದೆಹಲಿಯಿಂದ ಬೆಳಗಿನ ಜಾವ ಬಂದಿಳಿದು, ಹತ್ತು ಗಂಟೆಗೆ ಸಿಸ್ಟಂ ಮುಂದೆ ಕೂತ. ಟೆಸ್ಟ್ ಡೇಟಾಬೇಸ್ ಮೇಲೆ ಓಡಿಸಬೇಕಾದ ಸ್ಕ್ರಿಪ್ಟನ್ನ ಪ್ರೊಡಕ್ಷನ್ ಮೇಲೆ ಓಡಿಸಿದ. ಎರಡು ವಿಂಡೋ ಅಕ್ಕಪಕ್ಕ ತೆರೆದಿದ್ದವು, ಅಷ್ಟೇ. ಸಂಜೆವರೆಗೂ ಹತ್ತು ಹನ್ನೆರಡು ಜನ ಬ್ಯಾಕಪ್ಪಿನಿಂದ ಡೇಟಾ ಎಳೆದು ಸರಿ ಮಾಡಿದ್ವಿ. ಮಾರನೆ ದಿನ ಐದು ಪುಟದ ಆರ್‌ಸಿಎ ತಯಾರಾಯ್ತು. ಮೂಲ ಕಾರಣ: ಹ್ಯೂಮನ್ ಎರರ್. ಪರಿಹಾರ: ಇನ್ನೊಂದು ಅಪ್ರೂವಲ್ ಸ್ಟೆಪ್ ಸೇರಿಸೋದು. ಆ ಹುಡುಗ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದ ಅನ್ನೋದು ಐದು ಪುಟದಲ್ಲಿ ಎಲ್ಲೂ ಇರಲಿಲ್ಲ. ಅವನ ಟಿಕೆಟ್ ಬುಕ್ ಮಾಡಿದ ಇಮೇಲ್ ಅಟ್ಯಾಚ್ ಆಗಿರಲಿಲ್ಲ. ವರ್ಷದ ಕೊನೆಗೆ ಅವನ ರೇಟಿಂಗ್ ಮಾತ್ರ ಇಳೀತು. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಸಿದವರ ರೇಟಿಂಗ್ ಏನಾಯ್ತು ಅಂತ ನೀವೇ ಊಹಿಸ್ಕೊಳ್ಳಿ.

ಸರ್ವರ್‌ಗೆ ಮೆಂಟೆನೆನ್ಸ್ ವಿಂಡೋ ಇಡ್ತೀವಿ ಕಣ್ರೀ. ಮನುಷ್ಯನಿಗೆ ಇಡಲ್ಲ.

ಇದೆಲ್ಲ ಯಾರಿಗೂ ಗೊತ್ತಿಲ್ಲದ ವಿಷಯ ಅಂತಾನಾ? ವಿಮಾನಯಾನದವರಿಗೇ ಚೆನ್ನಾಗಿ ಗೊತ್ತು. ನಮ್ಮ ಡಿಜಿಸಿಎ ಪೈಲಟ್‌ಗಳ ಕೆಲಸದ ನಿಯಮದಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 6ರ ತನಕದ ಹೊತ್ತಿಗೆ ಬೇರೆಯೇ ಹೆಸರಿದೆ, ದೇಹದ ಗಡಿಯಾರ ಅತಿ ಕೆಳಗೆ ಇಳಿಯೋ ಹೊತ್ತು ಅಂತ. ಆ ಹೊತ್ತಿಗೆ ತಾಗೋ ಡ್ಯೂಟಿಗೆ ಬೇರೆ ಮಿತಿ. 2025ರಲ್ಲಿ ಹಂತಹಂತವಾಗಿ ಬಂದ ಹೊಸ ನಿಯಮದಲ್ಲಿ ಪೈಲಟ್‌ನ ‘ರಾತ್ರಿ’ಯನ್ನ 5 ಗಂಟೆ ಬದಲು 6 ಗಂಟೆವರೆಗೆ ಎಳೆದರು, ವಾರದ ವಿಶ್ರಾಂತಿಯನ್ನ 36 ಗಂಟೆಯಿಂದ 48 ಗಂಟೆಗೆ ಏರಿಸಿದರು. ಅಂದ್ರೆ ರಾತ್ರಿ ಎಚ್ಚರ ಇರೋದಕ್ಕೆ ಬೆಲೆ ಇದೆ, ಅದನ್ನ ವಿಶ್ರಾಂತಿಯಲ್ಲಿ ತೀರಿಸಬೇಕು ಅಂತ ಕಾನೂನೇ ಬರೆದಿಟ್ಟಿದೆ.

“ಅವನು ವಿಮಾನ ಓಡಿಸ್ತಾನೆ, ನೀನು ಸುಮ್ನೆ ಕೂರ್ತೀಯ” ಅಂತೀರಾ? ಸರಿ, ಗಾಳಿಯಲ್ಲಿ ಇರೋ ತನಕ ನಾನು ಸುಮ್ನೆ ಕೂತಿದ್ದೆ. ಇಳಿದ ಮೇಲೆ? ನಮ್ಮಲ್ಲಿ ಒಬ್ಬ ಬ್ಯಾಂಕಿನ ಪೇಮೆಂಟ್ ಸಿಸ್ಟಂ ಮುಟ್ಟುತ್ತಾನೆ, ಇನ್ನೊಬ್ಬಳು ಆಸ್ಪತ್ರೆಯ ಸಾಫ್ಟ್‌ವೇರ್‌ಗೆ ಪ್ಯಾಚ್ ಹಾಕ್ತಾಳೆ, ಮತ್ತೊಬ್ಬ ಕಾರಿನ ಬ್ರೇಕ್ ಕಂಟ್ರೋಲರಿಗೆ ಕೋಡ್ ಬರೀತಾನೆ. ಆ ರಾತ್ರಿಯ ಬೆಲೆಯನ್ನ ಪೈಲಟ್‌ಗೆ ಕೊಟ್ಟಂತೆ ಇವರಿಗೂ ಯಾರಾದ್ರೂ ಕೊಡಬೇಕಲ್ಲ?

ಇನ್ನೊಂದು ಪ್ರಶ್ನೆ. ಬೆಂಗಳೂರಿನಿಂದ ಯುರೋಪಿಗೆ ಹೊರಡೋ ಅಷ್ಟೊಂದು ವಿಮಾನ ರಾತ್ರಿ ಒಂದರಿಂದ ನಾಲ್ಕರ ಮಧ್ಯೆಯೇ ಯಾಕೆ? ಜಾತಕ ನೋಡಿ ಇಟ್ಟಿರೋ ಮುಹೂರ್ತವಂತೂ ಅಲ್ಲ. ಅಲ್ಲಿಂದ ಮಧ್ಯಾಹ್ನ ಹೊರಟ ವಿಮಾನ ಇಲ್ಲಿಗೆ ನಡುರಾತ್ರಿ ಬರುತ್ತೆ. ಕೋಟಿಗಟ್ಟಲೆಯ ವಿಮಾನವನ್ನ ಬೆಳಗಿನ ತನಕ ಸುಮ್ನೆ ನಿಲ್ಲಿಸಿದರೆ ನಷ್ಟ, ಹಾಗಾಗಿ ಒಂದೆರಡು ಗಂಟೆಯಲ್ಲಿ ವಾಪಸ್. ಮೂರಕ್ಕೆ ಹೊರಟರೆ ಅಲ್ಲಿಯ ಬೆಳಿಗ್ಗೆ ಎಂಟೊಂಬತ್ತಕ್ಕೆ ತಲುಪಿ, ಅಮೆರಿಕಕ್ಕೆ ಹೋಗೋ ವಿಮಾನಗಳಿಗೆ ಸರಿಯಾಗಿ ಕೊಂಡಿ ಸಿಗುತ್ತೆ. ಇದು ವ್ಯಾಪಾರದ ಲೆಕ್ಕ, ಅದರಲ್ಲಿ ತಪ್ಪೇನಿಲ್ಲ. ಆದರೆ ಇದರ ಜೊತೆಗೆ ಇನ್ನೊಂದು ಗೆರೆಯೂ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಮಾಮೂಲು ವಿಮಾನಗಳು ಏರೋದೂ ಇಲ್ಲ, ಇಳಿಯೋದೂ ಇಲ್ಲ. 2011ರಲ್ಲಿ ಆ ನಿರ್ಬಂಧ ಬಂತು, 2012ರಲ್ಲಿ ಲೈಪ್‌ಝಿಗ್‌ನಲ್ಲಿರೋ ಅವರ ಉನ್ನತ ಆಡಳಿತ ನ್ಯಾಯಾಲಯ ಅದನ್ನ ಎತ್ತಿಹಿಡೀತು. ಸಿಡ್ನಿಯಲ್ಲಿ ರಾತ್ರಿ 11ರಿಂದ 6ರ ತನಕ ಕರ್ಫ್ಯೂ, ಅದಕ್ಕೆಂದೇ 1995ರಲ್ಲಿ ಕಾಯ್ದೆ ಮಾಡಿದ್ದಾರೆ. ಲಂಡನ್ನಿನ ಹೀಥ್ರೋದಲ್ಲಿ ರಾತ್ರಿ ವಿಮಾನಗಳಿಗೆ ಲೆಕ್ಕ ಕಟ್ಟಿದ ಕೋಟಾ.

ವಿಮಾನ ನಿಲ್ದಾಣದ ಪಕ್ಕದ ಊರಿನವರು ‘ನಮಗೆ ನಿದ್ದೆ ಬೇಕು’ ಅಂತ ಕೋರ್ಟಿಗೆ ಹೋದರು, ಗೆದ್ದರು. ಅವರ ರಾತ್ರಿಗೆ ಕಾನೂನಿನ ಬೇಲಿ ಬಿತ್ತು. ಎರಡು ತುದಿಯ ಹಗ್ಗದಲ್ಲಿ ಒಂದು ತುದಿ ಗಟ್ಟಿಯಾಗಿ ಕಟ್ಟಿದ ಮೇಲೆ, ಎಳೆದಾಡೋದು ಇನ್ನೊಂದು ತುದಿಯೇ. ನಾನು ಜರ್ಮನಿಯವರ ಮೇಲೆ ಸಿಟ್ಟು ಮಾಡ್ಕೊಳ್ತಿಲ್ಲ. ಅವರನ್ನ ನೋಡಿ ಕಲೀರಿ ಅಂತಿದ್ದೀನಿ. ನಿದ್ದೆ ಕೇಳಿದವರಿಗೆ ನಿದ್ದೆ ಸಿಕ್ತು. ನಾವು ಕೇಳೇ ಇಲ್ಲ.

ಕೇಳದೆ ಇದ್ದರೆ ಏನಾಗುತ್ತೆ ಅಂತ ನನಗೆ ಊರಿನಲ್ಲೇ ಗೊತ್ತಿತ್ತು. ಅರಸೀಕೆರೆ ಕಡೆಯ ಹಳ್ಳಿ ನಮ್ಮದು, ಬೋರ್‌ವೆಲ್ ನಂಬಿದ ತೆಂಗಿನ ತೋಟ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಎಷ್ಟೋ ದಿನ ಬರ್ತಿದ್ದದ್ದು ನಡುರಾತ್ರಿ. ಹಗಲಿನ ಕರೆಂಟಿಗೆ ಪಟ್ಟಣ ಇತ್ತು, ಫ್ಯಾಕ್ಟರಿ ಇತ್ತು. ಹೊರೆ ಇಳಿದ ಮೇಲೆ ಉಳಿದದ್ದು ರೈತನಿಗೆ. ನಮ್ಮಪ್ಪ ರಾತ್ರಿ ಎರಡಕ್ಕೆ ಎದ್ದು, ಬ್ಯಾಟರಿ ಹಿಡ್ಕೊಂಡು, ಹಾವು ಚೇಳಿಗೆ ಹೆದರ್ತಾನೇ ಹೋಗಿ ಸ್ಟಾರ್ಟರ್ ಒತ್ತಿ, ನೀರು ತಿರುಗಿಸಿ ಬರೋರು. ಬೆಳಿಗ್ಗೆ ಆರಕ್ಕೆ ಮತ್ತೆ ಹಸು, ಹಾಲು, ಡೇರಿ. ಊರಿನಲ್ಲಿ ಯಾರೂ ಅದನ್ನ ‘ಒಂದು ದಿನ ಉಳೀತು’ ಅಂತ ಹೇಳಲಿಲ್ಲ. ‘ಏನ್ಮಾಡೋದು, ಕರ್ಮ’ ಅಂದರು. ರೈತ ಸಂಘದವರು ‘ಹಗಲು ಕರೆಂಟ್ ಕೊಡಿ’ ಅಂತ ಧರಣಿ ಕೂತರು. ಆ ಬೇಡಿಕೆ ಇವತ್ತಿಗೂ ಅಲ್ಲಲ್ಲಿ ಕೇಳ್ತಾನೇ ಇದೆ. ಆದರೆ ಅದು ಬೇಡಿಕೆ ಅನ್ನೋದಾದರೂ ಎಲ್ಲರಿಗೂ ಗೊತ್ತು.

ಆ ನಡುರಾತ್ರಿಯಿಂದ ತಪ್ಪಿಸ್ಕೊಳ್ಳಲಿ ಅಂತಲೇ ನಮ್ಮನ್ನ ಬಿಇ ಓದಿಸಿದ್ದು. ಈಗ ಅದೇ ಎರಡು ಗಂಟೆಗೆ ನಾವು ಎಚ್ಚರ ಇದ್ದೀವಿ, ಕೈಯಲ್ಲಿ ಬ್ಯಾಟರಿ ಬದಲು ಬೋರ್ಡಿಂಗ್ ಪಾಸ್. ಯಾರದೋ ಹಗಲನ್ನ ಕಾಯೋಕೆ ನಮ್ಮ ರಾತ್ರಿ. ವ್ಯತ್ಯಾಸ ಒಂದೇ. ಅಪ್ಪನಿಗೆ ಅದು ಅನ್ಯಾಯ ಅಂತ ಗೊತ್ತಿತ್ತು. ನಮಗೆ ಅದನ್ನ ‘ಹಸ್ಲ್’ ಅಂತ ಕಲಿಸಿದ್ದಾರೆ, ನಾವು ವಿಮಾನದ ರೆಕ್ಕೆಯ ಫೋಟೋ ಹಾಕಿ ಲೈಕ್ ಎಣಿಸ್ತೀವಿ.

ಒಂದು ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ಉತ್ತರ ಕೊಡಲೇಬೇಕು. “ಎಸಿಯಲ್ಲಿ ಕೂತು ಹೋಗೋ ನಿನ್ನ ಕಷ್ಟ ಏನು ಮಹಾ? ನಿನ್ನನ್ನ ಮನೆಗೆ ಬಿಡೋ ಕ್ಯಾಬಿನವನು, ಬ್ಯಾಗು ಎತ್ತಿಹಾಕೋನು, ಗೇಟಿನಲ್ಲಿ ನಿಂತ ಸಿಐಎಸ್‌ಎಫ್ ಜವಾನ, ಶೌಚಾಲಯ ತೊಳೆಯೋ ಅಕ್ಕ, ಅವರದ್ದೇನು?” ನೂರಕ್ಕೆ ನೂರು ಸರಿ. ಅವರ ರಾತ್ರಿ ನನ್ನದಕ್ಕಿಂತ ಕಷ್ಟದ್ದು, ಸಂಬಳ ನನ್ನ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಇದರಿಂದ ‘ಆದ್ದರಿಂದ ನೀನು ಬಾಯಿ ಮುಚ್ಚು’ ಅನ್ನೋ ತೀರ್ಮಾನ ಹೇಗೆ ಬರುತ್ತೆ? ನಾನು ಎರಡಕ್ಕೆ ಇಳಿದರೆ ಅವನೂ ಎರಡಕ್ಕೆ ಕಾಯಬೇಕು. ಬೇಡದ ಒಂದೊಂದು ರಾತ್ರಿ ವಿಮಾನವೂ ಕೆಳಗೆ ಇನ್ನಷ್ಟು ಜನರ ನಿದ್ದೆ ತಿನ್ನುತ್ತೆ. ಅರ್ಧ ನಿದ್ದೆಯ ಪ್ರಯಾಣಿಕ, ಅರ್ಧ ನಿದ್ದೆಯ ಚಾಲಕ, ಖಾಲಿ ರಸ್ತೆ, ನೂರರ ವೇಗ. ಹೂವಿನಂಥ ರಸ್ತೆ ಅಂದೆನಲ್ಲ, ಅದರ ಇನ್ನೊಂದು ಮುಖ ಇದು.

ಹಾಗಾದರೆ ಏನು ಮಾಡೋದು? ರಾತ್ರಿ ವಿಮಾನ ನಿಲ್ಲಿಸಿ ಅಂತ ಕೂಗೋನಲ್ಲ ನಾನು, ಅದು ಆಗೋ ಮಾತೂ ಅಲ್ಲ. ಆಗೋ ಮಾತು ನಾಲ್ಕಿವೆ.

ಒಂದು, ಪ್ರಯಾಣ ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಹೋಟೆಲ್ ಉಳಿಸೋಕೆ ಅಂತ ರಾತ್ರಿ ವಿಮಾನ ಹಾಕಬಾರದು. ಟ್ರಾವೆಲ್ ಪಾಲಿಸಿಯಲ್ಲಿ ಊಟದ ಬಿಲ್ಲಿಗೆ, ಟ್ಯಾಕ್ಸಿ ರಸೀದಿಗೆ ಒಂದೊಂದು ಪ್ಯಾರಾ ಇದೆ. ಇದಕ್ಕೂ ಒಂದು ಸಾಲು ಬರೀಲಿ.

ಎರಡು, ರಾತ್ರಿ 12ರಿಂದ 5ರ ನಡುವೆ ಗಾಳಿಯಲ್ಲೋ ಏರ್‌ಪೋರ್ಟಿನಲ್ಲೋ ಇದ್ದವರಿಗೆ ಮಾರನೆ ಮಧ್ಯಾಹ್ನದ ತನಕ ಕೆಲಸ ಇಲ್ಲ. ರಜೆ ಹಾಕಿ ಅಂತಲ್ಲ. ಆ ಹೊತ್ತೇ ಕೆಲಸದ ಹೊತ್ತು ಅಂತ ಲೆಕ್ಕ. ಟ್ರೈನಿಗೂ ವಿಪಿಗೂ ಒಂದೇ ನಿಯಮ. ಈಗ ಬಿಸಿನೆಸ್ ಕ್ಲಾಸಿನಲ್ಲಿ ಚಾಚಿ ಮಲಗಿ ಬಂದವರು ಇಳಿದ ಮೇಲೆ ಹೋಟೆಲಿಗೆ ಹೋಗ್ತಾರೆ, ಹಿಂದಿನ ಸೀಟಿನಲ್ಲಿ ಕೂತು ಬಂದವನು ಅವರ ಪಿಪಿಟಿ ತಿದ್ದೋಕೆ ಆಫೀಸಿಗೆ ಹೋಗ್ತಾನೆ.

ಮೂರು, ದೂರದ ಪ್ರಯಾಣದಲ್ಲಿ ತಲುಪಿದ ದಿನ ಮೀಟಿಂಗ್ ಬೇಡ. ಬೆಳಿಗ್ಗೆ ಇಳಿದು, ಬೆಳಕಿನಲ್ಲಿ ಓಡಾಡಿ, ಅಲ್ಲಿಯ ರಾತ್ರಿಗೆ ಮಲಗೋದೇ ಆ ದಿನದ ಕೆಲಸ. ವಾಪಸ್ ಬರುವಾಗ ಇನ್ನೂ ಜಾಗ್ರತೆ. ಹೆಚ್ಚಿನವರ ದೇಹದ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ, ಅದಕ್ಕೇ ಪಶ್ಚಿಮಕ್ಕೆ ಹೋಗಿ ದಿನ ಹಿಗ್ಗಿಸೋದು ಸುಲಭ, ಪೂರ್ವಕ್ಕೆ ಬಂದು ದಿನ ಕುಗ್ಗಿಸೋದು ಕಷ್ಟ. ನಮ್ಮ ಊರಿಗೆ ಬರೋದೇ ಪೂರ್ವಕ್ಕೆ. ‘ಮನೆಗೆ ಬಂದಾಯ್ತಲ್ಲ, ನಾಳೆ ಆಫೀಸಿಗೆ ಬಾ’ ಅನ್ನೋ ಮಾತು ಅದಕ್ಕೇ ತಲೆಕೆಳಗು. ಲಂಡನ್ನಿನಂಥ ಊರುಗಳಿಗೆ ಬೆಂಗಳೂರಿನಿಂದ ಹಗಲು ವಿಮಾನಗಳೂ ಇವೆ, ಕೇಳಿ ನೋಡಿ.

ನಾಲ್ಕು, ಇಳಿದ ಮೇಲೆ ಸ್ವಂತ ಕಾರು ಓಡಿಸಬೇಡಿ. ಕ್ಯಾಬು ಹತ್ತಿದರೆ ‘ಅಣ್ಣಾ, ನಿದ್ದೆ ಆಗಿದ್ಯಾ? ಎಲ್ಲಾದ್ರೂ ಟೀ ಕುಡ್ಕೊಂಡು ಹೋಗೋಣ’ ಅಂತ ಒಂದು ಮಾತು ಕೇಳಿ. ಹತ್ತು ನಿಮಿಷ ತಡವಾದರೂ ಯಾರ ಗಂಟೂ ಹೋಗಲ್ಲ.

ಇವು ಯಾವುವೂ ತಾವಾಗಿ ಬರಲ್ಲ. ಎಚ್‌ಆರ್ ಅವರು ವರ್ಷಕ್ಕೊಮ್ಮೆ ‘ವೆಲ್‌ನೆಸ್ ವೀಕ್’ ಮಾಡಿ, ಯೋಗದ ಚಾಪೆ ಹಂಚಿ, ನಿದ್ದೆಯ ಮಹತ್ವದ ಮೇಲೆ ವೆಬಿನಾರ್ ಇಡ್ತಾರೆ. ಆ ವೆಬಿನಾರ್‌ನಲ್ಲಿ ಪ್ರಶ್ನೆ ಕೇಳೋಕೆ ಐದು ನಿಮಿಷ ಕೊಡ್ತಾರಲ್ಲ, ಆಗ ಕೈ ಎತ್ತಿ ಟ್ರಾವೆಲ್ ಪಾಲಿಸಿಯ ಬಗ್ಗೆ ಕೇಳಿ. ಒಬ್ಬರು ಕೇಳಿದರೆ ತಲೆಹರಟೆ ಅಂತಾರೆ. ಹತ್ತು ಜನ ಕೇಳಿದರೆ ‘ಫೀಡ್‌ಬ್ಯಾಕ್’ ಅಂತಾರೆ. ನೂರು ಜನ ಕೇಳಿದರೆ ಪಾಲಿಸಿ ಬದಲಾಗುತ್ತೆ.

ಮುಂದಿನ ಸಲ ಯಾರಾದ್ರೂ ‘ಒಂದು ದಿನ ಉಳಿಯುತ್ತೆ’ ಅಂದರೆ ಜಗಳ ಆಡಬೇಡಿ. “ಒಳ್ಳೇದಾಯ್ತು ಸಾರ್, ಆ ದಿನ ನನಗೆ ಯಾವಾಗ ಕೊಡ್ತೀರಾ?” ಅಂತ ಕೇಳಿ. ಮೇಲ್‌ನಲ್ಲಿ ಕೇಳಿ, ಸಿಸಿ ಹಾಕಿ.